ಕಾಯಿಲ್ ಬದಲಿಸುವ ಮೊದಲು: ಒಂದು ಗೀಸರಿನ ವೋಲ್ಟ್, ಆಂಪಿಯರ್, ಓಮ್ ಲೆಕ್ಕ

ಸಾಗರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯಲ್ಲಿ 15 ಲೀಟರಿನ ಗೀಸರ್ ನೀರು ಕಾಯಿಸಲು ಅರ್ಧ ಗಂಟೆಯ ಹತ್ತಿರ ತೆಗೆದುಕೊಳ್ಳುತ್ತಿತ್ತು. ಗೀಸರಿನ ಮೇಲೆ 230 ವೋಲ್ಟ್, 2000 ವ್ಯಾಟ್ ಎಂದು ಬರೆದಿದೆ. ನೋಡಿಹೋದವರೆಲ್ಲ ಕಾಯಿಲ್ ವೀಕ್ ಆಗಿದೆ, ಬದಲಿಸಬೇಕು ಎಂದಿದ್ದರು. ನಿಕ್ರೋಮ್ (ನಿಕಲ್ ಮತ್ತು ಕ್ರೋಮಿಯಂ ಮಿಶ್ರಲೋಹ) ತಂತಿಯ ಕಾಯಿಲ್ ಸಾಮಾನ್ಯವಾಗಿ ಕೆಲಸ ಮಾಡುತ್ತದೆ, ಇಲ್ಲವೇ ತುಂಡಾಗಿ ಪೂರ್ತಿ ನಿಲ್ಲುತ್ತದೆ. ಅಪರೂಪಕ್ಕೆ ಒಳಗೇ ಶಾರ್ಟ್ ಆದರೆ ರೋಧ ಇಳಿದು ಸಾಮರ್ಥ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಆದ್ದರಿಂದ ಬಿಡಿಭಾಗ ಕೊಳ್ಳುವ ಮೊದಲು ವೋಲ್ಟ್ ಮತ್ತು ಆಂಪಿಯರ್‌ಗಳನ್ನು ಅಳೆದು ಲೆಕ್ಕ ಮಾಡಿ ನೋಡೋಣ ಎಂದು ಮನೆಯ ಯಜಮಾನರಿಗೆ ಹೇಳಿದೆ. ಗೀಸರಿನ ಪ್ಲಗ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ ಎಂದು ಅವರು ಮಾತಿನ ನಡುವೆ ಹೇಳಿದ್ದು ನನಗೆ ನಿಧಾನದ ದೂರಿಗಿಂತ ಮುಖ್ಯವಾಗಿ ಕಂಡಿತು.

ಮೊದಲು ಕಾಗದದ ಮೇಲಿನ ಲೆಕ್ಕ. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ಓಮ್‌ಗಳಲ್ಲಿ ರೋಧ ಸಿಗುತ್ತದೆ. ಎರಡನ್ನೂ ಗುಣಿಸಿದರೆ ವ್ಯಾಟ್‌ಗಳಲ್ಲಿ ಸಾಮರ್ಥ್ಯ ಸಿಗುತ್ತದೆ. 2000 ವ್ಯಾಟನ್ನು 230ರಿಂದ ಭಾಗಿಸಿದರೆ 8.7 ಆಂಪಿಯರ್, 230ನ್ನು 8.7ರಿಂದ ಭಾಗಿಸಿದರೆ ಸುಮಾರು 26.4 ಓಮ್. ಇಂತಹ ಹೀಟರುಗಳ ಸಾಮರ್ಥ್ಯ ಬರೆದದ್ದಕ್ಕಿಂತ ಶೇ. 5ರಷ್ಟು ಹೆಚ್ಚು ಅಥವಾ ಶೇ. 10ರಷ್ಟು ಕಡಿಮೆ ಇರಲು ಮಾನಕಗಳು ಅವಕಾಶ ಕೊಡುವುದರಿಂದ, ಕಾಯಿಲಿನ ರೋಧ 25.2ರಿಂದ 29.4 ಓಮ್‌ಗಳ ನಡುವೆ ಎಲ್ಲಿದ್ದರೂ ಅದು ಸರಿಯಾದ ಕಾಯಿಲೇ. ಈ ಎರಡು ಅಂಕಿಗಳನ್ನು ಪುಸ್ತಕದ ಮೇಲ್ತುದಿಯಲ್ಲಿ ಬರೆದುಕೊಂಡು ಕೆಲಸ ಆರಂಭಿಸಿದೆ.

ಅಳತೆಯ ಹಲಗೆ

ಕರೆಂಟು ಅಳೆಯಲು, ತಂತಿಯನ್ನು ದವಡೆಯಿಂದ ಸುತ್ತುವರಿದು ಅಳೆಯುವ ಕ್ಲ್ಯಾಂಪ್ ಮೀಟರ್ ಅನುಕೂಲ, ಏಕೆಂದರೆ ತಂತಿಯನ್ನು ಕತ್ತರಿಸಬೇಕಾಗಿಲ್ಲ. ಆದರೆ ಅದರ ದವಡೆಯೊಳಗೆ ಫೇಸ್ ತಂತಿಯೊಂದೇ ಇರಬೇಕು. ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಟ್ಟಿಗೆ ಇದ್ದರೆ ಹೋಗುವ ಮತ್ತು ಬರುವ ಪ್ರವಾಹಗಳ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕಿ ಮೀಟರ್ ಸೊನ್ನೆ ತೋರಿಸುತ್ತದೆ. ಹೀಗಾಗಿ ಮರದ ಹಲಗೆಯೊಂದರ ಮೇಲೆ 16 ಆಂಪಿಯರಿನ ಸಾಕೆಟ್ ಕೂರಿಸಿ, 2.5 ಚದರ ಮಿ.ಮೀ. ತಾಮ್ರದ ತಂತಿಯಿಂದ ಅದೇ ದರ್ಜೆಯ ಪ್ಲಗ್‌ಗೆ ಜೋಡಿಸಿ, ಫೇಸ್ ತಂತಿಯನ್ನು ಮಾತ್ರ ಕ್ಲ್ಯಾಂಪಿನ ದವಡೆ ಸುಲಭವಾಗಿ ಹಿಡಿಯುವಷ್ಟು ದೊಡ್ಡ ಕುಣಿಕೆಯಾಗಿ ಹೊರಗೆ ತೆಗೆದೆ. ಅದರ ಪಕ್ಕದಲ್ಲಿ ತೆಳು ತಂತಿಯ ಹತ್ತು ಸುತ್ತಿನ ಇನ್ನೊಂದು ಕುಣಿಕೆಯನ್ನೂ ಇಟ್ಟು, ಸಣ್ಣ ಹೊರೆಗಳಿಗೆ ಮಾತ್ರ ಅದನ್ನು ಬಳಸುವಂತೆ ಬೇರೆ ಸಾಕೆಟ್ ಕೊಟ್ಟೆ. ಹತ್ತು ಸುತ್ತು ಹಿಡಿದರೆ ಮೀಟರ್ ಹತ್ತು ಪಟ್ಟು ತೋರಿಸುತ್ತದೆ, ಬಂದದ್ದನ್ನು ಹತ್ತರಿಂದ ಭಾಗಿಸಿದರಾಯಿತು. ವೋಲ್ಟ್ ಅಳೆಯಲು, ಬೆರಳು ಲೋಹಕ್ಕೆ ತಾಗದಂತೆ ಪ್ಲಾಸ್ಟಿಕ್ ಕವಚವಿರುವ ಎರಡು ತೂತುಗಳನ್ನು ಹಾಕಿದೆ. ಹಲಗೆಯ ದಾರಿಯಲ್ಲಿ ಅರ್ಥ್ ತಂತಿ ಎಲ್ಲಿಯೂ ತುಂಡಾಗದೆ ನೇರ ಹೋಗಬೇಕು. ಇದನ್ನು ಎರಡು ಬಾರಿ ಪರೀಕ್ಷಿಸಿದ ಮೇಲೆಯೇ ಕರೆಂಟು ಕೊಟ್ಟೆ.

ಹಲಗೆಯನ್ನು ಮೊದಲು ಇಸ್ತ್ರಿಪೆಟ್ಟಿಗೆಯ ಮೇಲೆ ಪ್ರಯೋಗಿಸಿದೆ. 1000 ವ್ಯಾಟ್ ಎಂದು ಬರೆದ ಪೆಟ್ಟಿಗೆ 202.5 ವೋಲ್ಟಿನಲ್ಲಿ 3.8 ಆಂಪಿಯರ್ ಎಳೆಯಿತು. ಭಾಗಿಸಿದರೆ 53.3 ಓಮ್, ಗುಣಿಸಿದರೆ ಸುಮಾರು 770 ವ್ಯಾಟ್. 230 ವೋಲ್ಟಿಗೆ 1000 ವ್ಯಾಟ್ ಕೊಡಬೇಕಾದ ಪೆಟ್ಟಿಗೆಯ ರೋಧ 52.9 ಓಮ್ ಇರಬೇಕು. ಅಂದರೆ ಪೆಟ್ಟಿಗೆಯೂ ಸರಿಯಿದೆ, ನನ್ನ ಎರಡು ಮೀಟರುಗಳೂ ನಂಬುವಂತಿವೆ, ವೋಲ್ಟೇಜ್ ಮಾತ್ರ ಕಡಿಮೆ. ಶೇ. 12ರಷ್ಟು ಇಳಿದ ವೋಲ್ಟೇಜು ಸಾಮರ್ಥ್ಯವನ್ನು ಶೇ. 23ರಷ್ಟು ಇಳಿಸಿದೆ. ರೋಧ ಬದಲಾಗದಿದ್ದಾಗ ಸಾಮರ್ಥ್ಯವು ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ ಎಂಬ ಮಾತು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಮನೆಯಲ್ಲಿ ಉಳಿದಿದ್ದ ಹಳೆಯ 100 ವ್ಯಾಟಿನ ತಂತಿಬಲ್ಬನ್ನೂ ಹಾಕಿ ನೋಡಿದೆ. ಆರಿರುವಾಗ ಓಮ್ ಮೀಟರ್ ತೋರಿಸಿದ್ದು 39 ಓಮ್. ಉರಿಯುವಾಗ 204 ವೋಲ್ಟಿಗೆ 0.41 ಆಂಪಿಯರ್, ಅಂದರೆ ಸುಮಾರು 498 ಓಮ್. ಟಂಗ್‌ಸ್ಟನ್ ತಂತಿ ಕಾದಾಗ ರೋಧ ಹನ್ನೆರಡು ಪಟ್ಟಿಗೂ ಮಿಕ್ಕಿ ಏರುತ್ತದೆ. ಆದ್ದರಿಂದ ತಣ್ಣಗಿನ ಓಮ್ ಅಳತೆಯಿಂದ ಬಲ್ಬಿನ ವ್ಯಾಟ್ ಲೆಕ್ಕ ಹಾಕಿದರೆ ಸಾವಿರದ ಮೇಲೆ ಉತ್ತರ ಬರುತ್ತದೆ. ನಿಕ್ರೋಮ್ ಹಾಗಲ್ಲ, ನೀರಿನೊಳಗಿನ ಕಾಯಿಲಿನಲ್ಲಿ ಅದರ ರೋಧ ಶೇಕಡಾ ಕೆಲವಷ್ಟು ಮಾತ್ರ ಏರುತ್ತದೆ. ವಸ್ತು ಯಾವುದೇ ಇರಲಿ, ಅದು ಕೆಲಸ ಮಾಡುತ್ತಿರುವಾಗಲೇ ವೋಲ್ಟ್ ಮತ್ತು ಆಂಪಿಯರ್ ಅಳೆದು ಭಾಗಿಸುವುದು ಏಕೆ ಹೆಚ್ಚು ವಿಶ್ವಾಸಾರ್ಹ ಎಂಬುದಕ್ಕೆ ಈ ಬಲ್ಬಿಗಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ.

ಗೀಸರಿನ ಮೇಲೆ ಅಳತೆ

ಗೀಸರಿಗೆ ಮಾತ್ರ ಹಲಗೆಯನ್ನು ಬಳಸಲಿಲ್ಲ. ಬಿಸಿಯಾಗುವ ಪ್ಲಗ್ಗನ್ನು ಒಮ್ಮೆ ಎಳೆದು ಮತ್ತೆ ಹಾಕಿದರೆ ಪಿನ್ನು ಸಾಕೆಟ್ಟಿನೊಳಗೆ ಬೇರೆ ಜಾಗದಲ್ಲಿ ಕೂರುತ್ತದೆ, ಆಗ ದೋಷ ತಾತ್ಕಾಲಿಕವಾಗಿ ಮರೆಯಾಗಿಬಿಡಬಹುದು. ಹೀಗಾಗಿ ಪ್ಲಗ್ಗನ್ನು ಮುಟ್ಟದೆ, ಕರೆಂಟನ್ನು ಮೀಟರ್ ಬೋರ್ಡಿನಲ್ಲಿ ಗೀಸರಿನ ಎಂಸಿಬಿಯಿಂದ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಹೊರಡುವ ಒಂಟಿ ಫೇಸ್ ತಂತಿಯ ಮೇಲೆ ಅಳೆದೆ. ವೋಲ್ಟನ್ನು ಎರಡು ಕಡೆ ಅಳೆಯುವ ವ್ಯವಸ್ಥೆ ಮಾಡಿದೆ: ಒಂದು ಮೀಟರ್ ಬೋರ್ಡಿನಲ್ಲಿ, ಇನ್ನೊಂದು ಗೀಸರಿನ ಮುಚ್ಚಳದೊಳಗೆ ಕಾಯಿಲಿನ ಟರ್ಮಿನಲ್‌ಗಳಲ್ಲಿ.

ಇಲ್ಲಿ ಸುರಕ್ಷತೆಯ ಮಾತು ಹೇಳಲೇಬೇಕು. ನೀರಿನ ಪೈಪು, ಒದ್ದೆ ನೆಲ ಮತ್ತು ತೆರೆದ ಟರ್ಮಿನಲ್ ಒಂದೇ ಕೋಣೆಯಲ್ಲಿ ಇರುವುದರಿಂದ, ಮೆಯಿನ್ ಸ್ವಿಚ್ ಆಫ್ ಮಾಡಿ, ಕರೆಂಟು ಇಲ್ಲವೆಂದು ಮೀಟರಿನಿಂದ ಖಚಿತಪಡಿಸಿಕೊಂಡು, ರಬ್ಬರ್ ಕವಚದ ಕ್ಲಿಪ್ಪುಗಳನ್ನು ಸಿಕ್ಕಿಸಿ, ತಂತಿಗಳನ್ನು ಬಚ್ಚಲಿನ ಹೊರಗೆ ತಂದು, ಮುಚ್ಚಳ ಹಾಕಿದ ನಂತರವೇ ಮತ್ತೆ ಆನ್ ಮಾಡಬೇಕು. ಅಳೆಯುವಾಗ ಕೈ ಮೀಟರಿನ ಗುಂಡಿಯ ಮೇಲೆ ಮಾತ್ರ ಇರಬೇಕು. ಮೀಟರ್, ಮನೆಯ ವೈರಿಂಗ್ ಅಳೆಯಲು ತಕ್ಕ ಸುರಕ್ಷತಾ ದರ್ಜೆಯಾದ ಕ್ಯಾಟ್ 3, 600 ವೋಲ್ಟಿನದ್ದಾಗಿರಲಿ. ಮನೆಯಲ್ಲಿ, ಕರೆಂಟು ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ಈ ಕೆಲಸದ ಅಭ್ಯಾಸ ಇಲ್ಲದವರು ಎಲೆಕ್ಟ್ರಿಷಿಯನ್ನರನ್ನು ಪಕ್ಕದಲ್ಲಿ ಇಟ್ಟುಕೊಂಡೇ ಮಾಡಬೇಕು.

ಸಂಜೆ, ಸುತ್ತಲಿನ ತೋಟಗಳ ಪಂಪುಗಳೆಲ್ಲ ನಡೆಯುತ್ತಿದ್ದ ಹೊತ್ತಿನಲ್ಲಿ ಸಿಕ್ಕ ಅಂಕಿಗಳು ಹೀಗಿವೆ. ಗೀಸರ್ ಆಫ್ ಇದ್ದಾಗ ಮೀಟರ್ ಬೋರ್ಡಿನಲ್ಲಿ 204.5 ವೋಲ್ಟ್. ಗೀಸರ್ ಆನ್ ಮಾಡಿದ ಮೇಲೆ ಅಲ್ಲಿಯೇ 196.8 ವೋಲ್ಟ್. ಅದೇ ಗಳಿಗೆಯಲ್ಲಿ ಕಾಯಿಲಿನ ಟರ್ಮಿನಲ್‌ಗಳಲ್ಲಿ 187.7 ವೋಲ್ಟ್. ಹರಿಯುತ್ತಿದ್ದ ಕರೆಂಟು 7.0 ಆಂಪಿಯರ್.

187.7ನ್ನು 7.0ರಿಂದ ಭಾಗಿಸಿದರೆ 26.8 ಓಮ್. ಕಾಯಿಲ್ ನಿರ್ದೋಷಿ ಎಂದು ಈ ಒಂದು ಭಾಗಾಕಾರವೇ ಹೇಳಿತು. ಗುಣಿಸಿದರೆ 1314 ವ್ಯಾಟ್. 2000 ವ್ಯಾಟಿನ ಗೀಸರ್ ನಿಜಕ್ಕೂ ಮೂರನೇ ಎರಡು ಪಾಲು ಮಾತ್ರ ಕೆಲಸ ಮಾಡುತ್ತಿತ್ತು. 15 ಲೀಟರ್ ನೀರನ್ನು 30 ಡಿಗ್ರಿ ಏರಿಸಲು ಸುಮಾರು 1884 ಕಿಲೊಜೂಲ್ ಬೇಕು. 2000 ವ್ಯಾಟಿನಲ್ಲಿ ಅದಕ್ಕೆ 16 ನಿಮಿಷ ಸಾಕು, 1314 ವ್ಯಾಟಿನಲ್ಲಿ 24 ನಿಮಿಷ ಬೇಕು. ತೊಟ್ಟಿಯ ಗೋಡೆಯಿಂದ ಸೋರುವ ಶಾಖವನ್ನೂ ಸೇರಿಸಿದರೆ ಮನೆಯವರ ದೂರಿಗೂ ಈ ಲೆಕ್ಕಕ್ಕೂ ತಾಳೆಯಾಗುತ್ತದೆ. ಕಾಯಿಲಿನ ಮೇಲೆ ಸುಣ್ಣದ ಪದರ ಕಟ್ಟಿದ್ದರಿಂದ ನಿಧಾನವಾಗಿದೆ ಎಂಬ ವಾದವೂ ಇಲ್ಲಿ ನಿಲ್ಲುವುದಿಲ್ಲ. ಪದರ ಕಟ್ಟಿದರೆ ಕಾಯಿಲಿನ ಒಳತಂತಿ ಹೆಚ್ಚು ಕಾದು ಅದರ ಆಯುಷ್ಯ ಕಡಿಮೆಯಾಗುತ್ತದೆ, ನಿಜ. ಆದರೆ ಎಳೆಯುವ ವ್ಯಾಟ್ ಅಷ್ಟೇ ಇರುತ್ತದೆ, ಆ ಶಾಖ ಕೊನೆಗೆ ನೀರಿಗೇ ಸೇರಬೇಕು.

ಎರಡು ಅಂಕಿಗಳನ್ನು ಒಂದೇ ಕ್ಷಣದಲ್ಲಿ ಓದಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಹಳ್ಳಿಯ ಲೈನಿನಲ್ಲಿ ಒಂದು ಪಂಪು ಶುರುವಾದರೆ ವೋಲ್ಟೇಜು ನೋಡನೋಡುತ್ತಲೇ ಹತ್ತು ವೋಲ್ಟ್ ಇಳಿಯುತ್ತದೆ. ಮೊದಲು ವೋಲ್ಟ್ ಬರೆದುಕೊಂಡು, ಸ್ವಲ್ಪ ಹೊತ್ತಿನ ನಂತರ ಆಂಪಿಯರ್ ಬರೆದುಕೊಂಡು ಭಾಗಿಸಿದರೆ ಸಿಗುವ ರೋಧಕ್ಕೆ ಅರ್ಥವಿಲ್ಲ. ಈ ಭಾಗಾಕಾರದ ನಿಯಮವನ್ನು ಕಂಡುಹಿಡಿದ ಜರ್ಮನ್ ವಿಜ್ಞಾನಿ ಜಾರ್ಜ್ ಸೈಮನ್ ಓಮ್ ಅವರನ್ನೂ ಇಂಥದೇ ತೊಡಕು ಕಾಡಿತ್ತು. ಆ ಕಾಲದ ಬ್ಯಾಟರಿಗಳ ವೋಲ್ಟೇಜು ಕರೆಂಟು ಎಳೆದಂತೆಲ್ಲ ಇಳಿಯುತ್ತಿದ್ದುದರಿಂದ ಅವರು ಅವುಗಳನ್ನು ಬಿಟ್ಟು, ಬಿಸ್ಮತ್ ಮತ್ತು ತಾಮ್ರದ ಜೋಡಿಯ ಒಂದು ತುದಿಯನ್ನು ಕುದಿನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟು ಸ್ಥಿರವಾದ ವೋಲ್ಟೇಜು ಪಡೆದರು. 1827ರಲ್ಲಿ ಪ್ರಕಟವಾದ ಓಮ್ ನಿಯಮದ ಹಿಂದೆ ಆ ಸ್ಥಿರತೆಯಿದೆ. ನಮಗೆ ಸ್ಥಿರ ವೋಲ್ಟೇಜು ಸಿಗದಿದ್ದಾಗ ಇಬ್ಬರು ಒಟ್ಟಿಗೆ ಓದುವುದೇ ದಾರಿ. ಮನೆಯ ಯಜಮಾನರು ಬೋರ್ಡಿನ ಬಳಿ, ನಾನು ಬಚ್ಚಲಿನ ಬಳಿ ನಿಂತು ಕೂಗಿ ಹೇಳಿಕೊಂಡು ಬರೆದೆವು.

ಕಾಣೆಯಾದ ಒಂಬತ್ತು ವೋಲ್ಟ್

ಮೀಟರ್ ಬೋರ್ಡಿನಿಂದ ಕಾಯಿಲಿನವರೆಗೆ 196.8ರಿಂದ 187.7ಕ್ಕೆ ಇಳಿದಿದೆ, ಅಂದರೆ 9.1 ವೋಲ್ಟ್ ದಾರಿಯಲ್ಲಿ ಖರ್ಚಾಗಿದೆ. ಇದನ್ನು ನಂಬುವ ಮೊದಲು ಒಂದು ಎಚ್ಚರಿಕೆ ಬೇಕು. ಸಾಮಾನ್ಯ ಮಲ್ಟಿಮೀಟರಿಗೆ ಎಸಿ ವೋಲ್ಟೇಜಿನಲ್ಲಿ ಶೇ. 1ರಷ್ಟು ತಪ್ಪುವ ಅವಕಾಶವಿದ್ದರೆ 200 ವೋಲ್ಟಿನಲ್ಲಿ ಅದು 2 ವೋಲ್ಟ್. ಎರಡು ಮೀಟರುಗಳು ವಿರುದ್ಧ ದಿಕ್ಕಿಗೆ ತಪ್ಪಿದರೆ 4 ವೋಲ್ಟಿನ ವ್ಯತ್ಯಾಸ ಇಲ್ಲದಿದ್ದರೂ ಕಾಣಿಸುತ್ತದೆ. ಹೀಗಾಗಿ ಎರಡನ್ನೂ ಒಂದೇ ಸಾಕೆಟ್ಟಿಗೆ ಹಾಕಿ ಮೊದಲೇ ಹೋಲಿಸಿದ್ದೆ. ಅವುಗಳ ನಡುವೆ ಅರ್ಧ ವೋಲ್ಟ್ ಅಂತರವಿದ್ದುದನ್ನು ಮೇಲಿನ ಅಂಕಿಗಳಲ್ಲಿ ಸರಿಪಡಿಸಿಯೇ ಬರೆದಿದ್ದೇನೆ.

ಬೋರ್ಡಿನಿಂದ ಬಚ್ಚಲಿಗೆ ವೈರಿಂಗ್ ದಾರಿ ಸುಮಾರು 18 ಮೀಟರ್. ಹೋಗಿಬರುವ ತಂತಿ ಸೇರಿ 36 ಮೀಟರ್. 2.5 ಚದರ ಮಿ.ಮೀ. ತಾಮ್ರದ ತಂತಿಗೆ ಕಿಲೋಮೀಟರಿಗೆ 7.41 ಓಮ್, ಆದ್ದರಿಂದ ಈ 36 ಮೀಟರಿಗೆ 0.27 ಓಮ್. 7 ಆಂಪಿಯರ್ ಹರಿದಾಗ ಅದರಲ್ಲಿ 1.9 ವೋಲ್ಟ್ ಇಳಿಯುವುದು ಸಹಜ. ಉಳಿದ 7.2 ವೋಲ್ಟಿಗೆ ಲೆಕ್ಕ ಕೇಳಬೇಕು.

ಮೊದಲ ಅನುಮಾನ ಸಾಕೆಟ್ಟಿನ ಮೇಲೆ. ಮೆಯಿನ್ ಆಫ್ ಮಾಡಿ, ಪ್ಲಗ್ಗನ್ನು ಅಲುಗಿಸದೆ ಅದರ ಮೇಲಿನ ಮುಚ್ಚಳ ತೆಗೆದು, ಒಂದು ಕ್ಲಿಪ್ಪನ್ನು ಪ್ಲಗ್ಗಿನ ಫೇಸ್ ಸ್ಕ್ರೂಗೆ, ಇನ್ನೊಂದನ್ನು ಸಾಕೆಟ್ಟಿನ ಹಿಂಬದಿಯ ಫೇಸ್ ಟರ್ಮಿನಲ್ಲಿಗೆ ಹಾಕಿ ಮತ್ತೆ ಕರೆಂಟು ಕೊಟ್ಟೆ. ಒಂದೇ ತಂತಿಯ ಎರಡು ತುದಿಗಳ ನಡುವೆ ನೇರವಾಗಿ ಅಳೆಯುವುದರಿಂದ ಎರಡು ದೊಡ್ಡ ಅಂಕಿಗಳನ್ನು ಕಳೆಯುವ ತೊಂದರೆ ಇಲ್ಲ. ಚೆನ್ನಾಗಿ ಹಿಡಿದ ಪಿನ್ನಿನಲ್ಲಿ ವೋಲ್ಟಿನ ಸಣ್ಣ ಭಿನ್ನಾಂಶ ಮಾತ್ರ ಕಾಣಬೇಕಾದ ಜಾಗದಲ್ಲಿ ಮೀಟರ್ 4.2 ವೋಲ್ಟ್ ತೋರಿಸಿತು. 7ರಿಂದ ಭಾಗಿಸಿದರೆ 0.6 ಓಮ್, 7ರಿಂದ ಗುಣಿಸಿದರೆ 29 ವ್ಯಾಟ್. 25 ವ್ಯಾಟಿನ ಬೆಸುಗೆ ಕಡ್ಡಿಯೊಂದನ್ನು ಸಾಕೆಟ್ಟಿನೊಳಗೆ ಇಟ್ಟು ಮುಚ್ಚಿದಂತೆ. ಪ್ಲಾಸ್ಟಿಕ್ ಕಂದಿಹೋಗಿದ್ದರಲ್ಲಿ ಆಶ್ಚರ್ಯವಿಲ್ಲ. 16 ಆಂಪಿಯರಿನ ಸಾಕೆಟ್ಟು 7 ಆಂಪಿಯರಿಗೇ ಸುಡುತ್ತಿತ್ತು. ದರ್ಜೆ ಸರಿಯಿದ್ದರೂ ಹಿತ್ತಾಳೆಯ ಹಿಡಿಕೆ ಸಡಿಲವಾದರೆ ಉಪಯೋಗವಿಲ್ಲ. ಸಡಿಲವಾದ ಹಿಡಿಕೆ ಕಾಯುತ್ತದೆ, ಕಾದ ಹಿತ್ತಾಳೆ ತನ್ನ ಬಿಗಿ ಕಳೆದುಕೊಳ್ಳುತ್ತದೆ, ಮೇಲ್ಮೈ ಕಪ್ಪಾಗುತ್ತದೆ, ರೋಧ ಮತ್ತಷ್ಟು ಏರುತ್ತದೆ.

ಇನ್ನೂ 3.0 ವೋಲ್ಟಿಗೆ ಲೆಕ್ಕ ಸಿಕ್ಕಿರಲಿಲ್ಲ. ಸ್ವಿಚ್ಚನ್ನೂ ಎಂಸಿಬಿಯನ್ನೂ ಇದೇ ರೀತಿ ಅಳೆದಾಗ ಹೇಳುವಂಥದ್ದೇನೂ ಕಾಣಲಿಲ್ಲ. ಲೆಕ್ಕ ಸುಳ್ಳಾಗಲು ಸಾಧ್ಯವಿಲ್ಲದ್ದರಿಂದ ದಾರಿಯಲ್ಲಿ ಕಣ್ಣಿಗೆ ಬೀಳದ ಜಾಯಿಂಟ್ ಇರಲೇಬೇಕೆಂದು ಪೈಪಿನ ಜಾಡು ಹಿಡಿದು ಹೋದಾಗ, ಬಚ್ಚಲಿನ ಬಾಗಿಲ ಮೇಲೆ ಸುಣ್ಣ ಬಳಿದು ಮುಚ್ಚಿದ್ದ ಜಂಕ್ಷನ್ ಬಾಕ್ಸ್ ಸಿಕ್ಕಿತು. ಒಳಗೆ ನ್ಯೂಟ್ರಲ್ ತಂತಿಗಳನ್ನು ಬರಿಗೈಯಲ್ಲಿ ಹೊಸೆದು ಟೇಪು ಸುತ್ತಿದ್ದರು, ಟೇಪು ಗರಿಗರಿಯಾಗಿತ್ತು. ಜಾಯಿಂಟಿನ ಎರಡು ಬದಿಗಳ ನಡುವೆ 3.0 ವೋಲ್ಟ್: 0.43 ಓಮ್, 21 ವ್ಯಾಟ್. ನ್ಯೂಟ್ರಲ್ಲಿನ ಇಂಥ ದೋಷವನ್ನು ಟೆಸ್ಟರ್ ಎಂದಿಗೂ ತೋರಿಸುವುದಿಲ್ಲ. ಓಮ್ ಮೀಟರಿನಿಂದಲೂ ಇದನ್ನು ಹಿಡಿಯುವುದು ಕಷ್ಟ, ಏಕೆಂದರೆ ಅದರ ಕಡ್ಡಿಗಳೆರಡನ್ನು ಒಂದಕ್ಕೊಂದು ತಾಗಿಸಿದರೇ 0.3 ಓಮ್ ತೋರಿಸುತ್ತದೆ. ಮೇಲಾಗಿ ಅದು ಕಳಿಸುವ ಮಿಲಿಆಂಪಿಯರ್ ಲೆಕ್ಕದ ಕರೆಂಟಿನಲ್ಲಿ ತಣ್ಣಗಿರುವ ಜಾಯಿಂಟು, 7 ಆಂಪಿಯರ್ ಹೊತ್ತು ಕಾದಾಗ ಹೇಗೆ ವರ್ತಿಸುತ್ತದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ.

ಈ ಎಲ್ಲ ಅಳತೆಯಾದ ಮೇಲೆ ಗೀಸರನ್ನು ಬಿಡಿಸಿ ಕಾಯಿಲಿನ ತಣ್ಣಗಿನ ರೋಧ ನೋಡಿದೆ. ಕಡ್ಡಿಗಳ 0.3 ಓಮ್ ಕಳೆದು 26.4 ಓಮ್ ಬಂತು. ಕೆಲಸದಲ್ಲಿದ್ದಾಗ ಸಿಕ್ಕ 26.8ಕ್ಕೂ ಇದಕ್ಕೂ ಇರುವ ಅಂತರ ಶಾಖದಿಂದ ಬಂದದ್ದು ಎಂದು ನಾನು ಬರೆದುಕೊಳ್ಳಲಿಲ್ಲ. ಕ್ಲ್ಯಾಂಪ್ ಮೀಟರಿನ ತಪ್ಪಿನ ಅವಕಾಶವೇ ಶೇ. 2, ಅಂದರೆ 26.8ರ ಆಚೀಚೆ ಅರ್ಧ ಓಮ್ ಅನುಮಾನ ಇದ್ದೇ ಇದೆ. ಕ್ಯಾಲ್ಕುಲೇಟರ್ 26.8143 ಎಂದು ತೋರಿಸಿದರೂ ಬರೆಯಬೇಕಾದದ್ದು 26.8 ಮಾತ್ರ.

ದುರಸ್ತಿ ಮತ್ತು ಮರು ಅಳತೆ

ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಹೊಸದಾಗಿ ಹಾಕಿದೆ. ಒಂದನ್ನು ಮಾತ್ರ ಬದಲಿಸಿದರೆ ಸುಟ್ಟ ಪಿನ್ನು ಹೊಸ ಹಿಡಿಕೆಯನ್ನೂ ಕೆಡಿಸುತ್ತದೆ. ಕಪ್ಪಾದ ತಂತಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ ಸ್ಕ್ರೂ ಬಿಗಿದೆ. ಜಂಕ್ಷನ್ ಬಾಕ್ಸಿನಲ್ಲಿ ಹೊಸೆದ ಜಾಯಿಂಟಿನ ಬದಲು ಪಿಂಗಾಣಿ ಕನೆಕ್ಟರ್ ಕೂರಿಸಿ, ಬಾಕ್ಸಿನ ಮುಚ್ಚಳಕ್ಕೆ ಸುಣ್ಣ ಬಳಿಯಬಾರದೆಂದು ಮನೆಯವರಿಗೆ ಹೇಳಿದೆ.

ಮತ್ತೆ ಅದೇ ಹೊತ್ತಿನಲ್ಲಿ, ಆಫ್ ಇದ್ದಾಗ ಅದೇ 204.5 ವೋಲ್ಟ್ ಇರುವಾಗ ಅಳೆದೆ: ಬೋರ್ಡಿನಲ್ಲಿ 196.5, ಕಾಯಿಲಿನಲ್ಲಿ 194.4 ವೋಲ್ಟ್, ಕರೆಂಟು 7.25 ಆಂಪಿಯರ್. ಸಾಮರ್ಥ್ಯ 1409 ವ್ಯಾಟ್, ರೋಧ 26.8 ಓಮ್, ಕಾಯಿಲ್ ಬದಲಾಗಿಲ್ಲ, ರೋಧವೂ ಬದಲಾಗಿಲ್ಲ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಕೆಟ್ಟ ಸಂಪರ್ಕಗಳೆರಡೂ ಸೇರಿ ಸುಡುತ್ತಿದ್ದುದು ಸುಮಾರು 50 ವ್ಯಾಟ್ ಮಾತ್ರ, ಆದರೆ ಕಾಯಿಲಿಗೆ ಹೆಚ್ಚಾಗಿ ಸಿಕ್ಕಿದ್ದು 95 ವ್ಯಾಟ್. ಕಾಯಿಲಿನೊಂದಿಗೆ ಸಾಲಿನಲ್ಲಿದ್ದ ರೋಧ ಕಡಿಮೆಯಾದಾಗ ಅಲ್ಲಿ ಪೋಲಾಗುತ್ತಿದ್ದ ಶಕ್ತಿ ಉಳಿಯುವುದಲ್ಲದೆ ಇಡೀ ಮಂಡಲದ ಕರೆಂಟೇ ಏರುತ್ತದೆ, ಲೈನಿನಿಂದ ಹೆಚ್ಚು ಶಕ್ತಿ ಬರುತ್ತದೆ.

ಲೆಕ್ಕವನ್ನು ಇನ್ನೊಂದು ಕಡೆಯಿಂದ ಪರೀಕ್ಷಿಸಲು ಮನೆಯ ಕರೆಂಟು ಮೀಟರನ್ನೇ ಬಳಸಿದೆ. ಅದರ ಪುಟ್ಟ ದೀಪ ಒಂದು ಯೂನಿಟ್ಟಿಗೆ 3200 ಬಾರಿ ಮಿಣುಕುತ್ತದೆ ಎಂದು ಅದರ ಮೇಲೆ ಬರೆದಿದೆ. ಯೂನಿಟ್ಟಿನಲ್ಲಿ 36 ಲಕ್ಷ ಜೂಲ್ ಇರುವುದರಿಂದ ಒಂದು ಮಿಣುಕಿಗೆ 1125 ಜೂಲ್. ಬೇರೆಲ್ಲ ಆಫ್ ಮಾಡಿ ಗೀಸರ್ ಮಾತ್ರ ಇಟ್ಟಾಗ 100 ಮಿಣುಕಿಗೆ 79 ಸೆಕೆಂಡು ಹಿಡಿಯಿತು, ಅಂದರೆ 1424 ವ್ಯಾಟ್. ಬೋರ್ಡಿನ 196.5 ವೋಲ್ಟನ್ನು 7.25ರಿಂದ ಗುಣಿಸಿದರೂ ಬರುವುದು ಅದೇ 1425. ಕಾಯಿಲಿನ 1409ಕ್ಕೂ ಇದಕ್ಕೂ ಇರುವ ಅಂತರ ಮನೆಯ ತಂತಿಯಲ್ಲಿ ಹೋಗುವ 15 ವ್ಯಾಟ್. ಪಂಪು, ಫ್ಯಾನುಗಳಂತಹ ಮೋಟರಿನ ಉಪಕರಣಗಳಿಗೆ ವೋಲ್ಟ್ ಮತ್ತು ಆಂಪಿಯರನ್ನು ಗುಣಿಸಿದರೆ ನಿಜವಾದ ವ್ಯಾಟಿಗಿಂತ ಹೆಚ್ಚು ಬರುತ್ತದೆ, ಏಕೆಂದರೆ ಅಲ್ಲಿ ವೋಲ್ಟೇಜು ಮತ್ತು ಕರೆಂಟು ಒಟ್ಟಿಗೆ ಏರಿಳಿಯುವುದಿಲ್ಲ. ಅವುಗಳಿಗೆ ಈ ಮಿಣುಕೆಣಿಕೆಯೇ ಸರಿಯಾದ ವಿಧಾನ.

ಮನೆಯೊಳಗಿನ ಕೆಲಸ ಇಲ್ಲಿಗೆ ಮುಗಿದರೂ 2000ಕ್ಕೆ ಇನ್ನೂ ದೂರವಿತ್ತು. ಗೀಸರ್ ಹಾಕಿದೊಡನೆ ಬೋರ್ಡಿನಲ್ಲೇ 8 ವೋಲ್ಟ್ ಇಳಿಯುತ್ತಿದೆ, 7.25ರಿಂದ ಭಾಗಿಸಿದರೆ ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರಿನಿಂದ) ಮನೆಯವರೆಗಿನ ದಾರಿಗೆ 1.1 ಓಮ್. ಈ ಅಂಕಿಗಳನ್ನು ಬರೆದುಕೊಟ್ಟು ಯಜಮಾನರು ವಿದ್ಯುತ್ ಕಚೇರಿಗೆ ಅರ್ಜಿ ಹಾಕಿದರು. ಲೈನ್‌ಮನ್ ಬಂದು ಕಂಬದ ಮೇಲಿನ ಸರ್ವಿಸ್ ವೈರಿನ ಜಾಯಿಂಟ್ ಬಿಚ್ಚಿದಾಗ ಅಲ್ಯೂಮಿನಿಯಮ್ ಬೆಳ್ಳಗೆ ಹಿಟ್ಟಾಗಿತ್ತು. ಉಜ್ಜಿ ಹೊಸ ಕ್ಲ್ಯಾಂಪ್ ಹಾಕಿದರು. ಅದರ ನಂತರ ಇಳಿತ 8 ವೋಲ್ಟಿನಿಂದ 5ಕ್ಕೆ, ದಾರಿಯ ರೋಧ 0.7 ಓಮಿಗೆ ಬಂತು, ಗೀಸರ್ ಸಂಜೆಯ ಹೊತ್ತಿನಲ್ಲೂ 1475 ವ್ಯಾಟ್ ಕೊಡತೊಡಗಿತು.

ಈಗಲೂ ಗೀಸರ್ ಆಫ್ ಇದ್ದಾಗಲೇ 230ರ ಬದಲು 206 ವೋಲ್ಟ್ ಇರುವುದು ಲೈನಿನ ಉಳಿದವರೆಲ್ಲರ ಹೊರೆಯಿಂದ. ಅದನ್ನು ಮನೆಯೊಳಗೆ ಸರಿಪಡಿಸಲು ಬರುವುದಿಲ್ಲ. ಘೋಷಿತ ವೋಲ್ಟೇಜಿಗಿಂತ ಶೇ. 6ಕ್ಕೂ ಹೆಚ್ಚು ಏರುಪೇರಾಗಬಾರದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಹೇಳಿತ್ತು, 230ಕ್ಕೆ ಆ ಕೆಳಮಿತಿ 216 ವೋಲ್ಟ್. ಊರಿನವರು ಈಗ ಗಂಟೆಗೊಮ್ಮೆ ವೋಲ್ಟೇಜು ಬರೆದಿಡುತ್ತಿದ್ದಾರೆ. ಹೆಚ್ಚುವರಿ ಟಿಸಿಯ ಅರ್ಜಿಗೆ ಅದನ್ನು ಲಗತ್ತಿಸುತ್ತಾರೆ. ಅಲ್ಲಿಯವರೆಗೆ ಪಂಪುಗಳು ನಿಂತ ಮೇಲೆ, ಬೋರ್ಡಿನಲ್ಲಿ 226 ವೋಲ್ಟ್ ಕಾಣುವ ಹೊತ್ತಿನಲ್ಲಿ ಗೀಸರ್ ಹಾಕುವುದು ಒಳ್ಳೆಯದು. ಆಗ ಕಾಯಿಲಿಗೆ 1700 ವ್ಯಾಟಿಗೂ ಮೇಲೆ ಸಿಗುತ್ತದೆ.